ಲೇಡಿ ಅಗಸ್ಟಾಳ ಇಪ್ಪತ್ತಮೂರನೆಯ ಕಾಗದ

ಪಾಮರ್ಸ್ಟನ್ ನಾರ್ತ್
೮ ಮೇ ೨೦೧೬

ಪ್ರೀತಿಯ ಅತ್ತಿಗೆ,

ನನ್ನ ಅಕ್ಷರ ನೋಡಿ ನಿಮಗೆ ಆಶ್ಚರ್ಯವಾಗಿರಬೇಕು. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಗೆ ಫೋನ್ ಮಾಡಿದರೆ ಅಣ್ಣ ಸ್ಪೀಕರ್ ಹಾಕಿಬಿಡುತ್ತಾನೆ, ಆಮೇಲೆ ಮಾತಾಡುವವನು ಅವನೊಬ್ಬನೇ. ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟುವುದು ನಿಮಗೆ ಆಗಿಬರುವುದಿಲ್ಲ. ಹಾಗಾಗಿ ಕಾಗದ.

ಯುಗಾದಿಯ ದಿನ ಮಾತಿನ ನಡುವೆ ನೀವೊಂದು ವಿಷಯ ಹೇಳಿದಿರಿ. ನೀವು ಕೆಲಸ ಮಾಡುವ ವೃದ್ಧರ ರೆಸ್ಟ್ ಹೋಮಿನಲ್ಲಿ ಹೇಜಲ್ ಎಂಬ ಅಜ್ಜಿ ಇದ್ದಾರೆ, ಅವರ ಹತ್ತಿರ ಒಂದು ಪೆಟ್ಟಿಗೆ ತುಂಬ ಹಳೆಯ ಕಾಗದಗಳಿವೆ, ಅವನ್ನು ನೀವು ಓದಿ ಹೇಳುತ್ತೀರಿ ಎಂದು. ಬರೆದವರು ಯಾರು ಎಂದು ಕೇಳಿದೆ. "ಲೇಡಿ ಅಗಸ್ಟಾ ವೆದರ್ಲಿ ಅಂತೆ ಕಣೇ" ಅಂದಿರಿ, ತರಕಾರಿಯವಳ ಹೆಸರು ಹೇಳಿದಷ್ಟು ಸಲೀಸಾಗಿ. ಆ ಹೊತ್ತು ನನಗೆ ಊಟ ಸೇರಲಿಲ್ಲ.

ನಾನು ಆರು ವರ್ಷದಿಂದ ಅವಳ ಮತ್ತು ಅವಳ ಮನೆತನದ ಚರಿತ್ರೆಯನ್ನೇ ಬರೆಯುತ್ತಿದ್ದೇನೆ. ೧೭೪೧ರಲ್ಲಿ ಅರ್ಲ್ ಪದವಿಯ ಒಬ್ಬ ಶ್ರೀಮಂತನ ಮಗಳಾಗಿ ಹುಟ್ಟಿದವಳು. ಏಳು ಮಕ್ಕಳನ್ನು ಹೆತ್ತು ಐವರನ್ನು ಕಳೆದುಕೊಂಡಳು. ಉಳಿದವರಲ್ಲಿ ಜಾರ್ಜ್ ಎಂಬ ಮಗ ಕಂಪನಿಯ ಸೈನ್ಯ ಸೇರಿ, ಟಿಪ್ಪು ಸತ್ತಮೇಲೆ ನಮ್ಮ ಶ್ರೀರಂಗಪಟ್ಟಣದಲ್ಲಿ ಇದ್ದ. ಅಲ್ಲಿಯ ಒಬ್ಬ ಹೆಣ್ಣಿನ ಜೊತೆ ಸಂಸಾರ ಹೂಡಿದ, ಜ್ವರ ಬಂದು ಅಲ್ಲೇ ತೀರಿಕೊಂಡ. ಅವನಿನ್ನೂ ಬದುಕಿರುವಾಗಲೇ ಆ ಹೆಣ್ಣು "ನಾನು ನಿಮ್ಮ ಸೊಸೆ, ನಿಮಗೊಬ್ಬಳು ಮೊಮ್ಮಗಳಿದ್ದಾಳೆ" ಎಂದು ಇಂಗ್ಲೆಂಡಿಗೆ ಬರೆಸಿದಳು. ಅಗಸ್ಟಾ ನಂಬಲಿಲ್ಲ. ಆ ವರ್ಷಗಳಲ್ಲಿ ಅವಳು ತನ್ನ ತಂಗಿ ಫ್ಯಾನಿಗೆ ಬರೆದ ಕಾಗದಗಳು ಕಳೆದುಹೋಗಿವೆ ಎಂದು ಎಲ್ಲರೂ ತಿಳಿದಿದ್ದರು.

ಆ ಪೆಟ್ಟಿಗೆಯನ್ನು ಒಂದು ತಿಂಗಳ ಮಟ್ಟಿಗೆ ನನಗೆ ಕೊಡಿಸಬಲ್ಲಿರಾ? ಬೇರೆ ಯಾರಿಗೂ ಹೇಳಬೇಡಿ. ಈ ವಿಷಯದ ಮೇಲೆ ಕಣ್ಣಿಟ್ಟವರು ವೆಲಿಂಗ್ಟನ್ನಿನಲ್ಲೂ ಇದ್ದಾರೆ.

ಅಮ್ಮ ಬರುತ್ತಿದ್ದಾಳೆಂದು ಅಣ್ಣ ಹೇಳಿದ. ಸಂತೋಷ.

ಅಮಿತಾ


ಅಪ್ಪರ್ ಹಟ್
೧೭ ಮೇ ೨೦೧೬

ಅಮಿತಾ,

ಎಂಟು ವರ್ಷದಲ್ಲಿ ನಿನ್ನಿಂದ ಬಂದ ಮೊದಲ ಕಾಗದ. ಎರಡು ಸಲ ಓದಿದೆ, ಎಲ್ಲಾದರೂ "ಹೇಗಿದ್ದೀರಿ ಅತ್ತಿಗೆ" ಅಂತ ಇದೆಯಾ ಎಂದು. ಇಲ್ಲ. ಇರಲಿ, ಚೆನ್ನಾಗಿದ್ದೇನೆ. ಈಗ ಅಂಚೆಯವನು ವಾರಕ್ಕೆ ಮೂರೇ ದಿನ ಬರುತ್ತಾನೆ, ಅದಕ್ಕೆ ಉತ್ತರ ತಡವಾಯಿತು. ನಾನೂ ಬೇಕಂತಲೇ ಎರಡು ದಿನ ತಡ ಮಾಡಿದೆ.

ಯಾವುದೋ ಇಂಗ್ಲಿಷ್ ದೊರೆಸಾನಿಗೆ ಆರು ವರ್ಷ ಕೊಟ್ಟಿದ್ದೀಯ. ನಿನ್ನ ಅಮ್ಮನಿಗೆ ಆರು ನಿಮಿಷ ಕೊಟ್ಟಿಲ್ಲ. ನೀನು ಮದುವೆ ಮುರಿದುಕೊಂಡು, ವಾಸುದೇವ್‌ನನ್ನು ಬಿಟ್ಟು ಈ ದೇಶಕ್ಕೆ ಬಂದಾಗ "ನನ್ನ ಪಾಲಿಗೆ ಮಗಳಿಲ್ಲ" ಎಂದು ಅತ್ತೆ ಅಂದದ್ದು ಕೆಟ್ಟ ಮಾತೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಹಾಗೆ ಅಂದವರಿಗೆ ಈಗ ಎಪ್ಪತ್ತನಾಲ್ಕು. ಟಿಕೆಟ್ ತೆಗೆಸಿದ ದಿನದಿಂದ ಫೋನಿನಲ್ಲಿ ಅವರು ಕೇಳುವುದು ಒಂದೇ, "ಪಾಮರ್ಸ್ಟನ್ ನಿಮ್ಮನೆಯಿಂದ ಎಷ್ಟು ದೂರ ಇಂದಿರಾ?" ನೀನು ಬರೆದ ಆ "ಸಂತೋಷ"ವನ್ನು ಅವರಿಗೆ ಓದಿ ಹೇಳಲಾ?

ಇನ್ನು ನಿನ್ನ ಪೆಟ್ಟಿಗೆ. ಹೇಜಲ್ ಅವರಿಗೆ ತೊಂಬತ್ತೊಂದು, ಕಣ್ಣು ಮಂಜು. ಗುರುವಾರ ಮಧ್ಯಾಹ್ನ ಟೀ ಆದಮೇಲೆ ನನ್ನಿಂದ ಒಂದು ಕಾಗದ ಓದಿಸುತ್ತಾರೆ. ಹೆಚ್ಚಾಗಿ ಕಟ್ಟಿನ ಕೊನೆಯದನ್ನೇ, ಕಪ್ಪು ಅರಗಿನ ಮುದ್ರೆ ಇರುವುದನ್ನು. ಶ್ರೀರಂಗಪಟ್ಟಣದ ಆ ಮಗು ಇವರ ಅಜ್ಜಿಯ ಅಜ್ಜಿ. ಓದಿ ಮುಗಿಸಿದಾಗಲೆಲ್ಲ ನನ್ನ ಕೈ ತಟ್ಟಿ "ಶಿ ಕೇಮ್ ರೌಂಡ್, ಇಂಡಿರಾ" ಅನ್ನುತ್ತಾರೆ. ಅಗಸ್ಟಾಳ ಮನಸ್ಸು ಕೊನೆಗೆ ಕರಗಿತು ಅಂತ. ಓದುವಾಗ ನನಗೂ ಹಾಗೇ ಅನಿಸುತ್ತದೆ.

ಅಲ್ಲಿರುವವರ ಸಾಮಾನನ್ನು ನಾವು ಮನೆಗೆ ಒಯ್ಯುವಂತಿಲ್ಲ, ಫೋಟೋ ತೆಗೆಯುವಂತೆಯೂ ಇಲ್ಲ. ಮೇಲಾಗಿ ಅವರ ತಮ್ಮನ ಮಗ ಗ್ರೆಗ್‌ಗೆ ನನ್ನ ಮೇಲೆ ಮೊದಲೇ ಅನುಮಾನ, ಮುದುಕಿ ಈ ಇಂಡಿಯಾದ ನರ್ಸಿಗೆ ಏನಾದರೂ ಬರೆದುಕೊಟ್ಟುಬಿಟ್ಟಾಳೆಂದು. ಆದರೂ ಮ್ಯಾನೇಜರನ್ನು ಕೇಳುತ್ತೇನೆ. ಒಂದು ಮಾತು ಹೇಳು. ನೀನು ಪುಸ್ತಕ ಬರೆದರೆ ನಿನಗೆ ಹೆಸರು ಬರುತ್ತದೆ. ಹೇಜಲ್ ಅವರಿಗೆ ಏನು ಬರುತ್ತದೆ?

ಇಂದಿರಾ


ಪಾಮರ್ಸ್ಟನ್ ನಾರ್ತ್
೨೬ ಮೇ ೨೦೧೬

ಪ್ರೀತಿಯ ಅತ್ತಿಗೆ,

ಹೇಗಿದ್ದೀರಿ ಎಂದು ಮೊದಲೇ ಕೇಳಿಬಿಡುತ್ತೇನೆ.

ಹೇಜಲ್ ಅವರು ಒಪ್ಪಿದರೆಂದು ಅಣ್ಣನ ಮೆಸೇಜ್ ಬಂತು. ತುಂಬ ಉಪಕಾರವಾಯಿತು. ಅವರಿಗೇನು ಬರುತ್ತದೆ ಎಂದು ಕೇಳಿದಿರಿ. ನಿಜ ಏನೆಂದು ಗೊತ್ತಾಗುತ್ತದೆ. ಅಗಸ್ಟಾ ಆ ಹೆಣ್ಣನ್ನು ಕೊನೆಯವರೆಗೂ ವಂಚಕಿ ಎಂದೇ ತಿಳಿದಿದ್ದಳು ಎಂಬುದಕ್ಕೆ ನನ್ನಲ್ಲಿ ಬೇಕಾದಷ್ಟು ಆಧಾರಗಳಿವೆ. ನನ್ನ ಪುಸ್ತಕ ನಿಂತಿರುವುದೇ ಅದರ ಮೇಲೆ. "ಮನಸ್ಸು ಕರಗಿತು" ಎನ್ನುವುದು ಮನೆಮಂದಿ ಸಮಾಧಾನಕ್ಕೆ ಹೇಳಿಕೊಂಡು ಬರುವ ಮಾತು, ಎಲ್ಲ ದೊಡ್ಡ ಮನೆತನಗಳಲ್ಲೂ ಇರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಆ ಕಾಲದ ಕೈಬರಹ ಓದುವುದಕ್ಕೇ ಎರಡು ವರ್ಷದ ತರಬೇತಿ ಬೇಕು. ನೀವು ಓದಿದ್ದು ಒಂದು, ಅಲ್ಲಿ ಬರೆದದ್ದು ಇನ್ನೊಂದು ಆಗಿರಬಹುದು. ಆ ಕಪ್ಪು ಮುದ್ರೆಯ ಕಾಗದವನ್ನು ನಾನೇ ನೋಡಬೇಕು.

ಜೂನ್ ೪ರ ಶನಿವಾರ ಬಂದು ಪೆಟ್ಟಿಗೆ ಒಯ್ಯುತ್ತೇನೆ. ಅಷ್ಟರೊಳಗೆ ಅಮ್ಮ ಬಂದಿರುವುದಿಲ್ಲ ತಾನೇ? ಅವಳ ವಿಷಯವನ್ನು ನಮ್ಮಿಬ್ಬರ ಕಾಗದದಲ್ಲಿ ತರುವುದು ಬೇಡ.

ಅಮಿತಾ


ಅಪ್ಪರ್ ಹಟ್
೯ ಜೂನ್ ೨೦೧೬

ಅಮಿತಾ,

ಶನಿವಾರ ದಾರಿ ಕಾದದ್ದೇ ಬಂತು. ಉತ್ತರಪತ್ರಿಕೆಗಳಿಗೆ ಅಂಕ ಹಾಕುವ ಕೆಲಸ ಬಂತೆಂದು ನೀನು ಮೆಸೇಜ್ ಹಾಕುವ ಹೊತ್ತಿಗೆ ನಾನು ಬಿಸಿಬೇಳೆಭಾತ್ ಮಾಡಿಟ್ಟಾಗಿತ್ತು. ನಿಮ್ಮಣ್ಣ ಎರಡು ದಿನ ಅದನ್ನೇ ತಿಂದರು.

ಹೇಜಲ್ ಅವರೂ ಮ್ಯಾನೇಜರೂ ನಾನೂ ಮೂರು ಜನ ಸಹಿ ಹಾಕಿ, ಇಪ್ಪತ್ತಮೂರು ಕಾಗದ ಎಂದು ಪಟ್ಟಿ ಮಾಡಿ, ಎರಡನೆಯ ತಾರೀಕು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ಎರಡೇ ದಿನದ ಮಾತು ಎಂದು ಒಪ್ಪಿದವಳು ನಾನು. ಈಗ ವಾರವಾಯಿತು. ದೇವರ ಗೂಡಿನಲ್ಲಿ, ಪಟಗಳ ಪಕ್ಕ ಇಟ್ಟಿದ್ದೇನೆ. ಈ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ನನಗೆ ಗೊತ್ತಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವಳು ಮೊದಲು ಅದು ಇದೆಯಾ ಎಂದು ನೋಡುತ್ತೇನೆ.

ಅತ್ತೆ ಮಂಗಳವಾರ ಬಂದರು. ಜೂನ್ ತಿಂಗಳಲ್ಲಿ ಚಳಿಗಾಲವೇ ಎನ್ನುತ್ತಾ ಎರಡು ಸ್ವೆಟರ್ ಹಾಕಿಕೊಂಡು ಬಿಸಿಗಾಳಿ ಬಿಡುವ ಹೀಟ್ ಪಂಪಿನ ಕೆಳಗೇ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಅವರು ಬರುವ ಮೊದಲೇ ಬಂದು ಹೋಗಬೇಕೆಂದಿದ್ದವಳು ನೀನು. ಈಗ ಹೇಗೂ ತಪ್ಪಿತು. ಬೇಗ ಬಾ.

ಇಂದಿರಾ


ಪಾಮರ್ಸ್ಟನ್ ನಾರ್ತ್
೨೦ ಜೂನ್ ೨೦೧೬

ಅತ್ತಿಗೆ,

ಶನಿವಾರ ಪೆಟ್ಟಿಗೆ ಕೊಟ್ಟದ್ದಕ್ಕೆ ಧನ್ಯವಾದ. ಅಣ್ಣ ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವ ಹೊತ್ತು ನೋಡಿಕೊಂಡೇ ನಾನು ಬಂದೆ, ಅದು ನಿಮಗೂ ಗೊತ್ತಾಗಿರಬೇಕು. ಆದರೆ ಕೊರಿಯರಿನವನನ್ನೂ ಟೀ ಕುಡಿಸದೆ ಕಳಿಸದ ನೀವು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಿರಿ. ಪೆಟ್ಟಿಗೆ ನನ್ನ ಕೈಗೆ ದಾಟಿಸುವಾಗ ನಿಮ್ಮ ಕಣ್ಣು ರಸ್ತೆಯ ಮೇಲಿತ್ತು. ಆಗ ನನಗೆ ಏನೂ ಅನಿಸಲಿಲ್ಲ.

ಮನೆಗೆ ಬಂದು ಎಣಿಸಿದೆ. ಇಪ್ಪತ್ತೆರಡಿವೆ. ಮೂರು ಸಲ ಎಣಿಸಿದೆ. ಇಲ್ಲದಿರುವುದು ಕೊನೆಯದು, ಕಪ್ಪು ಮುದ್ರೆಯದು.

ಎಲ್ಲಿದೆ?

ಅಮಿತಾ


ಅಪ್ಪರ್ ಹಟ್
೩೦ ಜೂನ್ ೨೦೧೬

ಅಮಿತಾ,

ನಿನ್ನ ಕಾಗದ ಬಂತು. ಇಲ್ಲಿ ಬೆಳಗ್ಗೆ ಹುಲ್ಲಿನ ಮೇಲೆಲ್ಲ ಬಿಳಿ ಮಂಜು ಕಟ್ಟುತ್ತದೆ, ಕಾರಿನ ಗಾಜು ಕೆರೆಯುವುದಕ್ಕೇ ಹತ್ತು ನಿಮಿಷ. ಅತ್ತೆಗೆ ಮಂಡಿನೋವು ಜಾಸ್ತಿಯಾಗಿದೆ. ನಿನಗೆಂದು ಮೈಸೂರಿನಿಂದ ಒಂದು ಇಳಕಲ್ ಸೀರೆ ತಂದಿದ್ದಾರೆ. ಅದನ್ನು ದಿನಾ ಸೂಟ್‌ಕೇಸಿನಿಂದ ತೆಗೆದು ಮಡಿಕೆ ಬದಲಿಸಿ ಮತ್ತೆ ಇಡುತ್ತಾರೆ.

ಎಣಿಕೆ ಎಲ್ಲೋ ತಪ್ಪಿರಬೇಕು. ಹಳೆಯ ಕಾಗದ, ಒಂದಕ್ಕೊಂದು ಅಂಟಿಕೊಂಡಿರಬಹುದು. ಇನ್ನೊಮ್ಮೆ ನೋಡು. ಹೇಜಲ್ ಅವರಿಗೆ ಸದ್ಯಕ್ಕೆ ಏನೂ ಹೇಳಬೇಡ.

ಒಮ್ಮೆ ಬಾ ಅಮಿತಾ. ಕಾಗದಕ್ಕಾಗಿ ಅಲ್ಲ.

ಇಂದಿರಾ


ಪಾಮರ್ಸ್ಟನ್ ನಾರ್ತ್
೭ ಜುಲೈ ೨೦೧೬

ಅತ್ತಿಗೆ,

ನೀವು ನರ್ಸ್. ದಿನಾ ಮೂವತ್ತು ಜನರ ಮಾತ್ರೆಗಳನ್ನು ಎಣಿಸಿ ಕೊಡುವವರು. ಎಣಿಕೆ ತಪ್ಪಿರಬೇಕು ಎಂದು ನೀವು ಬರೆದರೆ ನಾನು ನಂಬಬೇಕೇ?

ನಾನು ಸುಮ್ಮನೆ ಕೂತು ಯೋಚಿಸಿದೆ. ನಿಮಗೆ ಹೇಜಲ್ ಅವರ ಮೇಲೆ ಪ್ರೀತಿ. ನಾನು ಆ ಕಾಗದ ಓದಿದರೆ ಅಗಸ್ಟಾಳ ಮನಸ್ಸು ಕರಗಲೇ ಇಲ್ಲ ಎಂದು ಬರೆದುಬಿಡುತ್ತೇನೆ, ಮುದುಕಿಯ ಮನಸ್ಸು ಒಡೆಯುತ್ತದೆ ಎಂದು ನೀವು ಅದನ್ನು ತೆಗೆದಿಟ್ಟುಕೊಂಡಿರಬಹುದು. ಹಾಗಿದ್ದರೆ ಕ್ಷಮಿಸಬಲ್ಲೆ. ಇಲ್ಲವೇ ನನ್ನ ತರಬೇತಿಯ ಮಾತಿಗೆ ನಿಮಗೆ ಸಿಟ್ಟು ಬಂದು, ಇವಳಿಗೊಂದು ಪಾಠ ಕಲಿಸೋಣ ಎಂದಿರಬಹುದು. ನಿಮ್ಮ ಬಾಯಿ ಚುರುಕೆಂದು ಗೊತ್ತು, ಕೈಯೂ ಹಾಗೇ ಎಂದು ಗೊತ್ತಿರಲಿಲ್ಲ. ಗ್ರೆಗ್ ಕೈಗೆ ಕೊಟ್ಟಿರಬಹುದು ಎಂದೂ ಒಂದು ಗಳಿಗೆ ಅನಿಸಿತು.

ಅಂಟಿಕೊಂಡಿಲ್ಲ. ನೋಡಿದೆ. ಆ ಕಾಗದವಿಲ್ಲದೆ ನನ್ನ ಪುಸ್ತಕ ಪೂರ್ತಿಯಾಗುವುದಿಲ್ಲ. ನಿಮಗೆ ಏನೋ ಗೊತ್ತಿದೆ. ಅದನ್ನು ಹೇಳದೆ ಮಂಜಿನ ವಿಷಯ, ಸೀರೆಯ ವಿಷಯ ಬರೆಯುತ್ತೀರಿ.

ಅಮಿತಾ


ಅಪ್ಪರ್ ಹಟ್
೧೮ ಜುಲೈ ೨೦೧೬

ಅಮಿತಾ,

ಕಳ್ಳಿ ಅನ್ನುವ ಪದ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಬರೆದಿದ್ದೀಯ. ನಿಮ್ಮ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷವಾಯಿತು. ನೀನು ಕೋರ್ಟಿಗೆ ಹೋಗಿ ಬರುತ್ತಿದ್ದ ಆರು ತಿಂಗಳು ನಿನ್ನ ಜೊತೆ ಬೆಂಚಿನ ಮೇಲೆ ಕೂತವಳು ನಾನು. ಆಗ ನನ್ನ ಕೈ ಚೆನ್ನಾಗಿತ್ತು.

ಆ ಕಾಗದವನ್ನು ನಾನು ತೆಗೆದಿಲ್ಲ. ಯಾರಿಗೂ ಕೊಟ್ಟಿಲ್ಲ. ಇದಕ್ಕಿಂತ ಹೆಚ್ಚು ಹೇಳಲಾರೆ. ನಂಬಿದರೆ ನಂಬು.

ಈಗ ನನ್ನದೊಂದು ಕೋರಿಕೆ. ಅತ್ತೆಯನ್ನು ಒಂದೂವರೆ ತಿಂಗಳ ಮಟ್ಟಿಗೆ ನಿನ್ನ ಹತ್ತಿರ ಕರೆದುಕೊ. ಅವರೇ ಬಾಯಿಬಿಟ್ಟು ಕೇಳಿದ್ದಾರೆ. "ಅವಳು ಬಾಗಿಲು ತೆಗೀದೇ ಇದ್ರೆ ವಾಪಸ್ ಬರ್ತೀನಿ, ನೀನು ಕಾರಿನಲ್ಲೇ ಕಾಯ್ತಿರು" ಅಂದರು. ಎಂಟು ವರ್ಷ ಬಿಗಿಹಿಡಿದ ಹೆಂಗಸು ಹಾಗಂದದ್ದು ಕೇಳಿ ನನಗೆ ಅಳು ಬಂತು.

ಕಾಗದ ಮುಚ್ಚಿಟ್ಟು ಅಮ್ಮನನ್ನು ಲಂಚವಾಗಿ ಕೊಡುತ್ತಿದ್ದಾಳೆ ಎಂದು ನೀನು ಅಂದುಕೊಳ್ಳುತ್ತೀಯ ಎಂದೂ ಗೊತ್ತು. ಅಂದುಕೊ.

ಇಂದಿರಾ


ಪಾಮರ್ಸ್ಟನ್ ನಾರ್ತ್
೧೪ ಆಗಸ್ಟ್ ೨೦೧೬

ಅತ್ತಿಗೆ,

ಅಮ್ಮ ಬಂದು ಒಂದು ವಾರವಾಯಿತು. ಮೊದಲ ದಿನ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು. ಎರಡನೆಯ ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ನನ್ನ ಅಡುಗೆಮನೆಯ ಡಬ್ಬಿಗಳ ಜಾಗವೆಲ್ಲ ಬದಲಾಗಿತ್ತು. ಜಗಳವಾಡಿದೆವು, ಅಲ್ಲಿಂದ ಸಲೀಸಾಯಿತು. ನಿನ್ನೆ ಬೆಟ್ಟದ ಸಾಲಿನ ಮೇಲಿನ ಗಾಳಿಯಂತ್ರಗಳನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಕಾರಿನಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಇದಕ್ಕೆ ನಿಮಗೆ ಋಣಿ, ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ ಬರೆಯಲು ಕೈ ಬರುತ್ತಿಲ್ಲ. ಗ್ರೆಗ್ ನನಗೆ ಇ-ಮೇಲ್ ಮಾಡಿ, ಪಟ್ಟಿಯ ಪ್ರಕಾರ ಎಲ್ಲ ಕಾಗದವೂ ಬಂದಿವೆಯೇ ಎಂದು ಕೇಳಿದ. ನಾನು ವಿಶ್ವವಿದ್ಯಾಲಯದ ಹೆಸರಿನಲ್ಲಿ ಸಹಿ ಹಾಕಿ ತಂದವಳು, ಸುಳ್ಳು ಹೇಳುವಂತಿರಲಿಲ್ಲ. ನಿಮ್ಮ ಮ್ಯಾನೇಜರಿಗೆ ಬರೆದು ತಿಳಿಸಿದ್ದೇನೆ. ಇಪ್ಪತ್ತಮೂರರಲ್ಲಿ ಇಪ್ಪತ್ತೆರಡು ಬಂದವು, ಅಲ್ಲಿಯವರೆಗೆ ಪೆಟ್ಟಿಗೆ ಹದಿನಾರು ದಿನ ನಮ್ಮ ಅತ್ತಿಗೆಯ ಮನೆಯಲ್ಲಿತ್ತು, ಈ ಬಗ್ಗೆ ಅವರು ಕೊಟ್ಟ ಉತ್ತರ ನಂಬುವಂತಿಲ್ಲ ಎಂದು. ಇಷ್ಟೇ.

ನೀವು ಇನ್ನೂ ಏನಾದರೂ ಹೇಳುವುದಿದ್ದರೆ ಈಗಲೇ ಹೇಳಿ.

ಅಮಿತಾ


ಅಪ್ಪರ್ ಹಟ್
೧ ಸೆಪ್ಟೆಂಬರ್ ೨೦೧೬

ಅಮಿತಾ,

ಆಗಸ್ಟ್ ೨೨ರಿಂದ ನನ್ನನ್ನು ಕೆಲಸದಿಂದ ಹೊರಗಿಟ್ಟಿದ್ದಾರೆ. ತನಿಖೆ ಮುಗಿಯುವವರೆಗೆ ಅಲ್ಲಿಗೆ ಕಾಲಿಡುವಂತಿಲ್ಲ, ಅಲ್ಲಿರುವವರ ಜೊತೆ ಮಾತಾಡುವಂತಿಲ್ಲ. ತಪ್ಪು ನನ್ನದೆಂದು ತೀರ್ಮಾನವಾದರೆ ನರ್ಸ್ ಆಗಿ ನನ್ನ ನೋಂದಣಿಯೂ ಹೋಗಬಹುದು.

ನಿಮ್ಮಣ್ಣನಿಗೆ ರಜೆ ಹಾಕಿದ್ದೇನೆ ಎಂದಿದ್ದೇನೆ. ಅತ್ತೆಗೆ ಈ ವಿಷಯ ಯಾವ ಕಾರಣಕ್ಕೂ ಹೇಳಬೇಡ. ಇದೊಂದನ್ನು ನಡೆಸಿಕೊಡು.

ಇಂದಿರಾ


ಪಾಮರ್ಸ್ಟನ್ ನಾರ್ತ್
೧೯ ಸೆಪ್ಟೆಂಬರ್ ೨೦೧೬

ಅತ್ತಿಗೆ,

ಇದನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ.

ನಿನ್ನೆ ಭಾನುವಾರ ಊಟದ ಮೇಜಿನ ಮೇಲೆ ಅಗಸ್ಟಾಳ ಕಾಗದಗಳನ್ನು ಹರಡಿಕೊಂಡು ಕೂತಿದ್ದೆ. ಅಮ್ಮ ಮಜ್ಜಿಗೆ ತಂದಿಟ್ಟು ಕನ್ನಡಕ ಏರಿಸಿಕೊಂಡು ನೋಡಿದಳು.

"ಇವು ಅಲ್ಲಿ ಇಂದಿರಾ ಮನೇಲಿದ್ವಲ್ಲ, ಅವೇ ತಾನೆ?" ಅಂದಳು.

"ಹೌದಮ್ಮ."

"ಇದರಲ್ಲಿ ಸಾವಿನ ಕಾಗದ ಇನ್ನೇನಾದ್ರೂ ಇದೆಯಾ ನೋಡು. ಒಂದನ್ನ ನಾನೇ ಹರಿದು ಹಾಕಿದೆ."

ಅಮ್ಮ ಏನೂ ಆಗಿಲ್ಲವೆಂಬಂತೆ ಹೇಳುತ್ತಾ ಹೋದಳು. ಗೂಡಿನ ಧೂಳು ಒರೆಸಲು ಪೆಟ್ಟಿಗೆ ಕೆಳಗಿಳಿಸಿದಳಂತೆ. ಮುಚ್ಚಳ ತೆಗೆದರೆ ಕಪ್ಪು ಅರಗು. "ಇಂಗ್ಲಿಷು ನನಗೂ ಬರುತ್ತಲ್ಲ, ಇಪ್ಪತ್ತೆಂಟು ವರ್ಷ ಮೇಷ್ಟರಾಗಿದ್ದೋಳು. ಮೊದಲ್ನೇ ಸಾಲೇ 'ಜಾರ್ಜ್ ಈಸ್ ಡೆಡ್' ಅಂತಿತ್ತು. ಸತ್ತ ಸುದ್ದಿ ಬಂದ ಕಾಗದನ ಓದಿದ ತಕ್ಷಣ ಹರಿದು ಆಚೆ ಹಾಕ್ತಾರೆ, ಮನೆಯೊಳಗೇ ಇಡೋಲ್ಲ. ಇವರು ದೇವರ ಪಕ್ಕದಲ್ಲಿ ಇಟ್ಟಿದ್ರು!"

"ಅಮ್ಮಾ, ಅದು ಇನ್ನೂರು ವರ್ಷದ ಹಿಂದಿನದು."

"ಹಳೇದು ಅಂತ ಗೊತ್ತಾಯ್ತು. ಹಳೇ ಸಾವಾದ್ರೆ ದೇವರ ಹತ್ರ ಇಡಬಹುದೇನು?"

ನಾಲ್ಕು ಚೂರು ಮಾಡಿ ಕಸದ ಚೀಲಕ್ಕೆ ಹಾಕಿ, ತಲೆಗೆ ಸ್ನಾನ ಮಾಡಿ ದೀಪ ಹಚ್ಚಿದಳಂತೆ. ಅವತ್ತು ಮಂಗಳವಾರ, ಕಸದ ಲಾರಿ ಬರುವ ದಿನ. ಸಂಜೆ ನೀವು ಬಂದು ಒದ್ದೆ ತಲೆ ನೋಡಿ ಕೇಳಿದಿರಿ. "ಇಂದಿರಾ ಕೇಳಿ ಬೆಳ್ಳಗಾಗಿಬಿಟ್ಟಳು. ಬಿನ್ ಹತ್ರ ಓಡಿದಳು. ಆಮೇಲೆ ಬಂದು, ಅಮಿತಾಗೆ ಮಾತ್ರ ಹೇಳಬೇಡಿ ಅತ್ತೆ, ನೀವು ಅವಳ ಮನೆಗೆ ಹೋಗಿ ಬರೋ ತನಕ ಆದ್ರೂ ಸುಮ್ನಿರಿ ಅಂದಳು. ಈಗ ಬಂದಾಯ್ತಲ್ಲ, ಅದಕ್ಕೆ ಹೇಳಿದೆ."

ನೀವು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಏಕೆಂದು ಈಗ ಗೊತ್ತಾಯಿತು. ಆಗಲೇ ಹೇಳಿದ್ದರೆ ನಾನು ಅಮ್ಮನ ಮುಖವನ್ನು ಮತ್ತೆ ನೋಡುತ್ತಿರಲಿಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನನ್ನದೊಂದು ಸುಳ್ಳು ಒಪ್ಪಿಕೊಳ್ಳಬೇಕು. ಜೂನ್ ೪ರಂದು ಅಂಕ ಹಾಕುವ ಕೆಲಸ ಇರಲಿಲ್ಲ. ನಿಮ್ಮ ಮನೆಯ ದಾರಿಯಲ್ಲಿ ಲೆವಿನ್‌ವರೆಗೆ ಬಂದಿದ್ದೆ. ಅಮ್ಮ ಮುಂಚಿತವಾಗಿ ಬಂದಿದ್ದರೆ, ನೀವು ನಮ್ಮಿಬ್ಬರನ್ನು ಎದುರುಬದುರು ಕೂರಿಸಲು ಹೀಗೆ ಕರೆಸಿದ್ದರೆ ಎಂಬ ಅನುಮಾನ ಬಂತು. ಪೆಟ್ರೋಲ್ ಬಂಕಿನಲ್ಲಿ ಗಾಡಿ ತಿರುಗಿಸಿಕೊಂಡು ವಾಪಸ್ ಹೋದೆ. ಅವತ್ತು ಬಂದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ.

ಇವತ್ತು ಬೆಳಗ್ಗೆಯೇ ಮ್ಯಾನೇಜರಿಗೂ ಗ್ರೆಗ್‌ಗೂ ಎಲ್ಲವನ್ನೂ ಬರೆದು, ನನ್ನ ಮೊದಲಿನ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅಮ್ಮನಿಗೆ ಗದರಲಿಲ್ಲ. ಗದರುವ ಹಕ್ಕು ನನಗಿದೆ ಎನಿಸಲಿಲ್ಲ. ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಕ್ಷಮಿಸಿ ಅತ್ತಿಗೆ.

ಹೇಜಲ್ ಅವರಿಗೆ ನಾನೇ ಬಂದು ಹೇಳುತ್ತೇನೆ. ಮತ್ತೆ, ಆ ಕಾಗದದಲ್ಲಿ ಏನಿತ್ತು? ನೀವು ಎಷ್ಟೋ ಸಲ ಓದಿದ್ದಿರಿ. ನಾನು ಒಮ್ಮೆಯೂ ಕೇಳಲಿಲ್ಲ.

ಅಮಿತಾ


ಅಪ್ಪರ್ ಹಟ್
೩ ಅಕ್ಟೋಬರ್ ೨೦೧೬

ಅಮಿತಾ,

ನೀನು ಬಂದು ಹೇಳುವುದಕ್ಕೆ ಹೇಜಲ್ ಇಲ್ಲ. ಸೆಪ್ಟೆಂಬರ್ ಹದಿನೈದನೆಯ ತಾರೀಕು ಗುರುವಾರ ತೀರಿಕೊಂಡರು. ನಿನ್ನ ಕಾಗದ ನನ್ನ ಕೈಸೇರುವ ಹೊತ್ತಿಗೆ ಅಂತ್ಯಕ್ರಿಯೆ ಮುಗಿದು ಎರಡು ದಿನವಾಗಿತ್ತು. ಅದಕ್ಕೇ ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ.

ನನ್ನದೂ ತಪ್ಪಿದೆ. ಇಪ್ಪತ್ತೆರಡಿವೆ ಎಂದು ಗೊತ್ತಿದ್ದೂ, ನೀನು ಎಣಿಸದೆ ಬಿಡುತ್ತೀಯೇನೋ ಎಂಬ ಆಸೆಯಿಂದ ಕೊಟ್ಟೆ. ಮ್ಯಾನೇಜರಿಗೂ ಹೇಳಲಿಲ್ಲ. ನೀವು ತಾಯಿ ಮಗಳು ಒಂದು ತಿಂಗಳು ಒಂದೇ ಸೂರಿನಡಿ ಇರಲಿ, ಆಮೇಲೆ ನಾನೇ ಎಲ್ಲ ಹೇಳುವುದು ಎಂದುಕೊಂಡಿದ್ದೆ. ನೀನು ಮ್ಯಾನೇಜರಿಗೆ ಬರೆಯುತ್ತೀಯ ಎಂದು ಮಾತ್ರ ನನ್ನ ಎಣಿಕೆಯಲ್ಲಿ ಇರಲಿಲ್ಲ.

ಆ ಕಾಗದದಲ್ಲಿ ಏನಿತ್ತು ಎಂದು ಈಗ ಕೇಳಿದ್ದೀಯ. ಬರೆಯುತ್ತೇನೆ. ನನಗೆ ತರಬೇತಿ ಇಲ್ಲ, ಆದರೆ ಹೇಜಲ್ ಅದನ್ನು ಮೂವತ್ತು ನಲವತ್ತು ಸಲ ಓದಿಸಿದ್ದಾರೆ.

"ಫ್ಯಾನಿ, ಜಾರ್ಜ್ ಸತ್ತ. ಸುದ್ದಿ ತಂದ ಹಡಗಿನಲ್ಲೇ ಹುಡುಗಿಯೂ ಬಂದಳು. ನಾಲ್ಕು ವರ್ಷ. ನಮ್ಮ ಭಾಷೆಯ ಒಂದು ಪದ ಬರುವುದಿಲ್ಲ. ಎರಡು ದಿನ ಅವಳ ಮುಖದಲ್ಲಿ ನನ್ನ ಮಗನನ್ನು ಹುಡುಕಿದೆ, ಕಾಣಲಿಲ್ಲ. ಮೂರನೆಯ ದಿನ ಹುಡುಕುವುದನ್ನು ಬಿಟ್ಟೆ. ಅವಳ ಹಾಸಿಗೆಯನ್ನು ನನ್ನ ಕೋಣೆಯಲ್ಲೇ ಹಾಕಿಸಿದ್ದೇನೆ. ಅವಳ ತಾಯಿಯ ವಿಷಯದಲ್ಲಿ ಈ ಮೂರು ವರ್ಷ ನಾನು ನಿನಗೆ ಬರೆದದ್ದನ್ನೆಲ್ಲ ಸುಟ್ಟುಬಿಡು. ಅವಳು ಹೇಳಿದ್ದು ನಿಜವೋ ಸುಳ್ಳೋ ನಾನು ಎಂದೂ ಅವಳನ್ನೇ ಕೇಳಲಿಲ್ಲ. ಈ ಒಂದನ್ನು ಮಾತ್ರ ಇಟ್ಟುಕೊ."

ಫ್ಯಾನಿ ಸುಡಲಿಲ್ಲ. ನಿನ್ನ ಮೇಜಿನ ಮೇಲಿರುವ ಇಪ್ಪತ್ತೆರಡು ಅವೇ. ಇಟ್ಟುಕೊ ಎಂದದ್ದು ಅಪ್ಪರ್ ಹಟ್‌ನ ಕಸದ ಗುಂಡಿಯಲ್ಲಿದೆ.

ಇದನ್ನು ನಿನ್ನ ಪುಸ್ತಕದಲ್ಲಿ ಹಾಕಿಕೊಳ್ಳುತ್ತೀಯೋ ಬಿಡುತ್ತೀಯೋ ನೀನೇ ನೋಡು. ಹಾಕುವುದಾದರೆ ಅಡಿಟಿಪ್ಪಣಿಯನ್ನು ಪೂರ್ತಿ ಹಾಕು. ಹೇಳಿದವಳು ಇಂದಿರಾ ಎಂಬ ನರ್ಸ್, ಇವಳ ಮಾತು ನಂಬುವಂತಿಲ್ಲ ಎಂದು ಲೇಖಕಿಯೇ ಆಗಸ್ಟ್ ತಿಂಗಳಲ್ಲಿ ಸಹಿ ಹಾಕಿ ಬರೆದುಕೊಟ್ಟಿದ್ದಾಳೆ ಎಂದು. ನೀನು ಹಿಂದಕ್ಕೆ ತೆಗೆದುಕೊಂಡರೂ ಆ ಕಾಗದ ನನ್ನ ಫೈಲಿನಲ್ಲೇ ಇರುತ್ತದಂತೆ. ನಿಯಮ. ಕೆಲಸಕ್ಕೆ ಸೋಮವಾರದಿಂದ ವಾಪಸ್ ಬಾ ಎಂದಿದ್ದಾರೆ. ಹೋಗುತ್ತೇನೆ, ಬೇರೆ ದಾರಿಯಿಲ್ಲ. ಆದರೆ ಗುರುವಾರದ ಪಾಳಿ ಬೇಡವೆಂದಿದ್ದೇನೆ.

ಅತ್ತೆಯ ವಿಮಾನ ಹದಿನಾಲ್ಕಕ್ಕೆ. ಅವರನ್ನು ನೀನೇ ಕರೆದುಕೊಂಡು ಬಾ, ಎರಡು ದಿನ ಮುಂಚೆ ಬಂದು ಇಲ್ಲೇ ಇರು. ನಾನು ಕೆಲಸದಿಂದ ಹೊರಗಿದ್ದದ್ದು ಏಕೆಂದು ಅವರಿಗೆ ತಿಳಿಯಕೂಡದು. ನಿನ್ನ ಮೇಲೆ ನನಗೆ ಸಿಟ್ಟಿದೆ. ಬೇಗ ಇಳಿಯುವ ಸಿಟ್ಟಲ್ಲ. ಆದರೂ ಬಾ, ಈ ಸಲ ಲೆವಿನ್‌ನಿಂದ ತಿರುಗಿಹೋಗಬೇಡ.

ನನ್ನ ಜೊತೆ ಕೆಲಸ ಮಾಡುವ ತಿಪ್ಪೇಸ್ವಾಮಿ, ಚಿತ್ರದುರ್ಗದ ಹುಡುಗ, ಅಂತ್ಯಕ್ರಿಯೆಯ ದಿನ ಚರ್ಚಿನ ಹೊರಗೆ ಸಿಕ್ಕಿದ. ಗ್ರೆಗ್ ಇದ್ದನೆಂದು ನಾನು ಒಳಗೆ ಹೋಗಿರಲಿಲ್ಲ. "ಅಕ್ಕಾ, ಅಜ್ಜಿ ಕೊನೇ ಮೂರು ವಾರ ನಿಮ್ಮನ್ನೇ ಕೇಳ್ತಿದ್ರು" ಅಂದ. "ಓದಾಕೆ ಕಾಗದ ಇಲ್ಲ ಅಜ್ಜಿ, ಪಾಮರ್ಸ್ಟನ್‌ಗೆ ಹೋಗೈತೆ ಅಂದೆ. ಕಾಗದ ಯಾರಿಗೆ ಬೇಕು, ಇಂದಿರಾ ಎಲ್ಲಿ ಅಂದ್ರು."

ಅದಕ್ಕೂ ಮೊದಲು, ಸೆಪ್ಟೆಂಬರ್ ಎಂಟರ ಗುರುವಾರ, ಟೀ ಹೊತ್ತಿಗೆ ಅಲ್ಲಿಯವರೆಗೆ ಹೋಗಿದ್ದೆ. ಐದು ನಿಮಿಷ ಬಿಡಿ ಎಂದು ಬಾಗಿಲಲ್ಲಿ ನಿಂತು ಕೇಳಿದೆ. ನಿನ್ನ ಕಾಗದ ಮ್ಯಾನೇಜರ್ ಕೈಯಲ್ಲೇ ಇತ್ತು. ಬಿಟ್ಟಿದ್ದರೆ ಅವರ ಮಂಚದ ಪಕ್ಕ ಕೂತು, ಈಗ ನಿನಗೆ ಬರೆದಿದ್ದೇನಲ್ಲ, ಅಷ್ಟನ್ನೂ ಬಾಯಲ್ಲೇ ಹೇಳಿಬಿಡುತ್ತಿದ್ದೆ.

ಇಂದಿರಾ